ಒಂದೇ ಹೆಸರಿನ ಎರಡು ಕಡತ

ಮೊನ್ನೆ ನನ್ನ ಲಿನಕ್ಸ್ ಗಣಕದ ಒಂದೇ ಫೋಲ್ಡರಿನಲ್ಲಿ 'ಬ್ಲಾಗ್' ಅನ್ನೋ ಎರಡು ಕಡತ ಕಂಡವು. ಒಂದರಲ್ಲಿ ಮೂರು ತಿಂಗಳ ಬರಹ, ಇನ್ನೊಂದು ಖಾಲಿ. ಒಂದರ ಹೆಸರಿನ ತುದಿಯಲ್ಲಿ, ನಾವು ಒತ್ತಕ್ಷರ ಆಗದಂತೆ ತಡೆಯಲು ಬಳಸುವ ಆ ಕಾಣದ ಅಕ್ಷರ ಅಂಟಿಕೊಂಡಿತ್ತು. ಹೆಸರು ಟೈಪಿಸಿ ಅಳಿಸೋಣವೆಂದರೆ, ಯಾವುದು ಹೋಗುತ್ತೋ ಅಂತ ಕೈ ನಡುಗಿತು.

ಈ ತಲೆಹರಟೆಯ ಬೇರು ಬೆಲ್ ಲ್ಯಾಬ್ಸ್‌ನಲ್ಲಿದೆ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿಯವರ 1971ರ ಯುನಿಕ್ಸ್‌ನಲ್ಲಿ ಡೈರೆಕ್ಟರಿ ಎಂದರೆ ಬರೀ ಒಂದು ಪಟ್ಟಿ. ಪ್ರತಿ ಸಾಲಿಗೆ 10 ಬೈಟು: ಕಡತದ ಸಂಖ್ಯೆಗೆ 2, ಹೆಸರಿಗೆ 8. ಕಡತದ ನಿಜವಾದ ಗುರುತು ಆ ಸಂಖ್ಯೆ, ಐನೋಡ್. ಹೆಸರು ಬರೀ ಚೀಟಿ. ಚೀಟಿಯ ಮೇಲೆ ಏನು ಬರೆದಿದೆ ಅನ್ನೋದು ಯಾರಿಗೆ ಬೇಕು? ಇವತ್ತಿನ ಲಿನಕ್ಸ್ ಕರ್ನಲ್ಲಿಗೂ ಸಾಮಾನ್ಯವಾಗಿ ನಿಷಿದ್ಧ ಎರಡೇ ಬೈಟು: ಓರೆಗೆರೆ ಮತ್ತು ಸೊನ್ನೆ. ಖಾಲಿ ಜಾಗ, ಹೊಸಸಾಲು, ನಕ್ಷತ್ರ ಎಲ್ಲಕ್ಕೂ ಸ್ವಾಗತ!

ಹೆಸರು '-ಆರ್'ನಂತೆ ಅಡ್ಡಗೆರೆಯಿಂದ ಶುರುವಾದರೆ ಇನ್ನೂ ಮೋಜು. ನಕ್ಷತ್ರವನ್ನು ಬಿಡಿಸಿ ಹೆಸರುಗಳಾಗಿಸುವುದು ಶೆಲ್ಲಿನ ಕೆಲಸ (ಆರಂಭದಲ್ಲಿ ಇದಕ್ಕೆ 'ಗ್ಲೋಬ್' ಎಂಬ ಬೇರೆಯೇ ಪ್ರೋಗ್ರಾಂ ಇತ್ತು). ಅಳಿಸುವ 'ಆರ್‌ಎಂ'ಗೆ ಬಂದ ಪದ ಕಡತದ ಹೆಸರೋ, ಆದೇಶದ ಆಯ್ಕೆಯೋ ಗೊತ್ತಾಗೋದಿಲ್ಲ. ಆಯ್ಕೆಗಳು ಮುಗಿದವು ಅಂತ ಹೇಳುವ '--' ರೂಢಿ ಗೆಟ್‌ಆಪ್ಟ್ ಜೊತೆ ಹರಡಿತು. ಅದರ ಕೋಡನ್ನು ಎಟಿ ಅಂಡ್ ಟಿ 1985ರಲ್ಲಿ ಡಲ್ಲಾಸ್‌ನ ಯುನಿಫೋರಂ ಸಮ್ಮೇಳನದಲ್ಲಿ ಎಲ್ಲರಿಗೂ ಕೊಟ್ಟಿತು. ನನಗಂತೂ ಹೆಸರಿನ ಮುಂದೆ './' ಹಚ್ಚುವ ಉಪಾಯವೇ ಇಷ್ಟ, ಅದಕ್ಕೆ ಯಾವ ಪ್ರೋಗ್ರಾಮಿನ ದಯೆಯೂ ಬೇಕಿಲ್ಲ.

ಈ ಬೇಜವಾಬ್ದಾರಿಗೆ ಬೈಯೋಣ ಅಂದುಕೊಂಡೆ. ಆದರೆ 1992ರಲ್ಲಿ ಥಾಂಪ್ಸನ್ ಮತ್ತು ರಾಬ್ ಪೈಕ್ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟದ ಮೇಜಿನ ಕಾಗದದ ಮೇಲೆ ಯುಟಿಎಫ್-8 ರೂಪಿಸಿದಾಗ, ಯಾವ ಭಾಷೆಯ ಅಕ್ಷರದೊಳಗೂ ಆ ಎರಡು ನಿಷಿದ್ಧ ಬೈಟು ನುಸುಳದಂತೆ ನೋಡಿಕೊಂಡರು. ಹಾಗಾಗಿ ಕನ್ನಡ ಅಂದರೇನು ಅಂತಲೇ ತಿಳಿಯದ ಕರ್ನಲ್, ಕನ್ನಡದ ಹೆಸರನ್ನು ತಕರಾರಿಲ್ಲದೆ ಇಟ್ಟುಕೊಳ್ಳುತ್ತದೆ. 255 ಬೈಟಿನ ಮಿತಿಯಲ್ಲಿ ನಮಗೆ 85 ಸಂಕೇತಗಳು, ಒಂದಕ್ಕೆ 3 ಬೈಟಿನಂತೆ. ನನ್ನ ಆ ಕಾಣದ ಅಕ್ಷರವೂ 3 ಬೈಟು ತಿಂದು ಕೂತಿತ್ತು.

2024ರ ಪಾಸಿಕ್ಸ್ ಮಾನಕ ಹೊಸಸಾಲಿರುವ ಹೆಸರುಗಳಿಗೆ ಬೇಡ ಅನ್ನಿ ಅಂತ ಆದೇಶಗಳಿಗೆ ಬುದ್ಧಿ ಹೇಳಿದೆ. ನಮ್ಮ ಶೂನ್ಯ ಅಗಲದ ಅಕ್ಷರದ ತಂಟೆಗೆ ಬಂದಿಲ್ಲ.

ಕೊನೆಗೆ ಹೆಸರಿನ ಗೊಡವೆಯನ್ನೇ ಬಿಟ್ಟೆ. 'ಎಲ್‌ಎಸ್'ಗೆ '-ಐ' ಮತ್ತು '-ಎಲ್' ಕೊಟ್ಟು ಎರಡರ ಐನೋಡ್ ಸಂಖ್ಯೆ, ಗಾತ್ರ ನೋಡಿದೆ. ಗಾತ್ರ ಸೊನ್ನೆ ಇದ್ದದ್ದರ ಸಂಖ್ಯೆಯನ್ನು 'ಫೈಂಡ್'ನ '-ಐನಮ್'ಗೆ ಕೊಟ್ಟು, ಮೊದಲು ಬರೀ ತೋರಿಸಲು ಹೇಳಿ, ಆಮೇಲೆ ಅಳಿಸಿದೆ. ಮೂರು ತಿಂಗಳ ಬರಹ ಉಳಿಯಿತು.