ಪ್ಫ್ಲೇಗೆ

ಜರ್ಮನ್ ಭಾಷೆಯ 'ಪ್ಫ್ಲೇಗೆ' ಎಂಬ ಪದವು ಇಂದು ವೃದ್ಧರ ಮತ್ತು ರೋಗಿಗಳ ಶುಶ್ರೂಷೆಯನ್ನು ಮುಖ್ಯವಾಗಿ ಸೂಚಿಸುವುದಾದರೂ, ಅದರ ಮೂಲದಲ್ಲಿರುವ ಪ್ರಾಚೀನ ಕ್ರಿಯಾಪದಕ್ಕೆ ಒಂದರ ಹೊಣೆ ಹೊರುವುದು, ಅದಕ್ಕೆ ಉತ್ತರವಾದಿಯಾಗಿ ನಿಲ್ಲುವುದು ಎಂಬ ಅರ್ಥವಿದ್ದಿತು; ಕಾಲಕ್ರಮದಲ್ಲಿ ಅದು ಪಾಲಿಸು, ಪೋಷಿಸು, ರೂಢಿಯಾಗಿ ಮಾಡುತ್ತಿರು ಎಂಬಲ್ಲಿಯವರೆಗೆ ಹಬ್ಬಿ, ಪುರಾತನ ಸ್ಮಾರಕಗಳ ರಕ್ಷಣೆಗೂ ಮೈಚರ್ಮದ ಉಪಚಾರಕ್ಕೂ ಸಮಾನವಾಗಿ ಸಲ್ಲುವಂತಾಯಿತು. ನಮ್ಮ 'ಆರೈಕೆ'ಯ ಹಿಂದಿರುವ ಹಳಗನ್ನಡದ 'ಆರಯ್' ಎಂಬುದಕ್ಕೆ ವಿಚಾರಿಸಿ ನೋಡು ಎಂಬ ಅರ್ಥವೂ ಉಂಟು. ಶುಶ್ರೂಷೆಗೆ ನೆರವಾಗುವ ಜರ್ಮನಿಯ ಪ್ಫ್ಲೇಗೆ ವಿಮೆಯಲ್ಲಿಯೂ ಪೋಷಣೆಗೆ ಮುನ್ನ ವಿಚಾರಣೆಯೇ ಬರುತ್ತದೆ.

1995ರ ಜನವರಿಯಲ್ಲಿ ಜಾರಿಗೆ ಬಂದ ಈ ಕಡ್ಡಾಯ ವಿಮೆಯಲ್ಲಿ, ಅರ್ಜಿದಾರನ ಮನೆಗೆ ಬಂದ ಪರೀಕ್ಷಕನು, ಆತನು ಮೆಟ್ಟಿಲು ಹತ್ತಬಲ್ಲನೆ, ತಾನೇ ಉಣ್ಣಬಲ್ಲನೆ, ಇಂದು ಯಾವ ವಾರವೆಂದು ಹೇಳಬಲ್ಲನೆ ಎಂದು ಒಂದೊಂದಾಗಿ ವಿಚಾರಿಸಿ ಅಂಕಗಳನ್ನು ಕೂಡಿಸುವನು. 2017ರಿಂದೀಚೆಗೆ ಆ ಅಂಕಗಳು ಐದು 'ಪ್ಫ್ಲೇಗೆಗ್ರಾಡ್'ಗಳಲ್ಲಿ, ಎಂದರೆ ದರ್ಜೆಗಳಲ್ಲಿ, ಆತನದು ಯಾವುದೆಂಬುದನ್ನು ನಿರ್ಣಯಿಸುತ್ತವೆ. ಎರಡನೆಯ ದರ್ಜೆಯಿಂದ ಮೇಲ್ಪಟ್ಟವರು ದಾದಿಯ ಸೇವೆಗೆ ಬದಲಾಗಿ ನಗದು ಭತ್ಯವನ್ನೇ ಪಡೆದು, ನೋಡಿಕೊಳ್ಳುವ ಮಗಳಿಗೋ ನೆರೆಯವನಿಗೋ ಕೊಡಬಹುದು.

ಈ ವಿಮೆಯ ಕಂತನ್ನು ನೌಕರರೊಡನೆ ಹಂಚಿಕೊಳ್ಳಬೇಕಾದ ಮಾಲೀಕರ ಪಾಲಿನ ಹೊರೆಯನ್ನು ಸರಿದೂಗಿಸಲು ಸರ್ಕಾರವು ಆರಿಸಿಕೊಂಡ ಉಪಾಯ ಮಾತ್ರ ವಿಚಿತ್ರ: ಪಶ್ಚಾತ್ತಾಪ ಮತ್ತು ಪ್ರಾರ್ಥನೆಗೆ ಮೀಸಲಾಗಿದ್ದ ಪ್ರಾಟೆಸ್ಟಂಟ್ ಪರ್ವದ ರಜೆಯೇ ರದ್ದಾಯಿತು. ರಜೆಯನ್ನು ಬಿಟ್ಟುಕೊಡದ ಸ್ಯಾಕ್ಸನಿ ಪ್ರಾಂತ್ಯದ ನೌಕರರು ಇಂದಿಗೂ ವಿಮೆಯ ಕಂತಿನಲ್ಲಿ ಮಾಲೀಕರಿಗಿಂತ ಹೆಚ್ಚಿನ ಪಾಲನ್ನು ತೆರುತ್ತಾರೆ.