ವಿದ್ಯಾದಾನವೂ ಬೇಡುವವನ ಅಭಿಮಾನವೂ

ಶಾಸ್ತ್ರದಾನವನ್ನು ಚತುರ್ವಿಧ ದಾನಗಳಲ್ಲಿ ಒಂದೆಂದು ಶ್ರಾವಕಾಚಾರ ಎಣಿಸಿದೆ. ಆದರೆ ಕಾಲೇಜು ಸೇರಲು ಧನಸಹಾಯ ಕೋರಿ ಅರ್ಜಿ ಬರೆಯುವ ಬಡ ವಿದ್ಯಾರ್ಥಿಯ ಮನಸ್ಸನ್ನು ದಾನಿಗಳು ಎಣಿಸುವುದು ವಿರಳ. ಅಪರಿಚಿತರೆದುರು ಆತ ಮನೆಯ ಬಡತನವನ್ನು ಬಿಚ್ಚಿಡಬೇಕು. 2014ರ ಜನವರಿಯಲ್ಲಿ ಕೇಂದ್ರ ಸರಕಾರವು ಜೈನರನ್ನು ಅಲ್ಪಸಂಖ್ಯಾತರೆಂದು ಘೋಷಿಸಿದ ಬಳಿಕ ನಮ್ಮ ಮಕ್ಕಳು ಅದರ ವಿದ್ಯಾರ್ಥಿವೇತನಗಳಿಗೂ ಅರ್ಹರಾದರು. ಆದಾಯ ಪ್ರಮಾಣಪತ್ರ ಅನಿವಾರ್ಯವಾಯಿತು. ಉಳ್ಳವರು ಅದರಲ್ಲಿ ಆದಾಯ ತಗ್ಗಿಸಿ ಬರೆಸಿದರೆ ಸತ್ಯಾಣುವ್ರತದೊಡನೆ ಅಚೌರ್ಯಾಣುವ್ರತವೂ ಮುರಿಯುತ್ತದೆ, ಏಕೆಂದರೆ ಆ ಹಣ ಇನ್ನೊಬ್ಬನ ಪಾಲು.

ಅಭಿಮಾನ ಉಳಿಸುವ ದಾರಿಗಳನ್ನು ಹಿಂದಿನವರು ಹುಡುಕಿದ್ದರು. 1892ರಲ್ಲಿ ಜೆಮ್‌ಶೆಟ್‌ಜಿ ಟಾಟಾ ಅವರು ಸ್ಥಾಪಿಸಿದ ನಿಧಿ ವಿದೇಶ ವ್ಯಾಸಂಗಕ್ಕೆ ಸಾಲ ಕೊಟ್ಟಿತು. ಮರಳಿ ಬಂದ ಹಣ ಮುಂದಿನವನಿಗೆ. ಕುಂಭೋಜದ ಜೈನ ಮನೆತನದಲ್ಲಿ 1887ರಲ್ಲಿ ಜನಿಸಿದ ಕರ್ಮವೀರ ಭಾವುರಾವ್ ಪಾಟೀಲರ ದಾರಿ ಬೇರೆ. ಅಸ್ಪೃಶ್ಯರ ವಸತಿಗೃಹದ ಸಮಾರಂಭಕ್ಕೆ ಹೋಗಿಬಂದು ಸ್ನಾನ ಮಾಡಲೊಪ್ಪದ ಕಾರಣಕ್ಕೆ ಕೊಲ್ಲಾಪುರದ ಜೈನ ಬೋರ್ಡಿಂಗಿನಿಂದ ಅವರನ್ನು ಹೊರಹಾಕಲಾಗಿತ್ತು. (ಈ ಸಂಗತಿಯನ್ನು ನಮ್ಮ ಅಭಿನಂದನ ಭಾಷಣಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ.) 1919ರಲ್ಲಿ ಅವರು ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 1924ರಲ್ಲಿ ಸಾತಾರಾದಲ್ಲಿ ತೆರೆದ ವಸತಿಗೃಹದಲ್ಲಿ ಎಲ್ಲ ಜಾತಿಯ ಹುಡುಗರೂ ಒಟ್ಟಿಗೆ ಅಡುಗೆ ಮಾಡಿ ಉಂಡರು. ಹಣ ಮುಗಿದಾಗ ಪತ್ನಿ ಲಕ್ಷ್ಮೀಬಾಯಿ ಆಭರಣಗಳನ್ನು ಮಾರಿದರು, ಕೊನೆಗೆ ಮಂಗಳಸೂತ್ರವನ್ನೂ.

ಸ್ವಾವಲಂಬನೆಯ ಶಿಕ್ಷಣವೇ ಸಂಸ್ಥೆಯ ಧ್ಯೇಯವಾಕ್ಯವಾಯಿತು. 1947ರಲ್ಲಿ ಸಾತಾರಾದಲ್ಲಿ ಛತ್ರಪತಿ ಶಿವಾಜಿ ಕಾಲೇಜು ಆರಂಭವಾದಾಗ ಶುಲ್ಕ ಕಟ್ಟಲಾರದ ವಿದ್ಯಾರ್ಥಿ ಕೈಯೊಡ್ಡಿ ನಿಲ್ಲಬೇಕಾಗಲಿಲ್ಲ. ದಿನದ ಕೆಲವು ಹೊತ್ತು ದುಡಿದು, ಉಳಿದ ಹೊತ್ತು ತರಗತಿಯಲ್ಲಿ ಕುಳಿತನು.