ಅಂಬಾಸಿಡರ್‌ನ ಹೊಟ್ಟೆಯಲ್ಲಿ ಡೀಸೆಲ್: ನಮ್ಮ ಸೀಮೆಯ ಒಂದು ಹಳೆ ಕಾರಿನ ಚರಿತ್ರೆ

ಹಳೆ ಕಾರಿನ ರಿಪೇರಿಗೆ ಕೈ ಹಾಕಿದವರನ್ನು ನಮ್ಮ ಕಡೆ ಜನ ಕೇಳೋದು ಎರಡೇ ಪ್ರಶ್ನೆ. "ಎಷ್ಟ್ ಖರ್ಚ ಬಂತ್ರಿ?" ಆಮೇಲೆ, "ಆವರೇಜ್ ಎಷ್ಟ್ ಕೊಡ್ತದ?" ಇವೆರಡಕ್ಕೂ ಏನೋ ಒಂದು ಹೇಳಿ ತಪ್ಪಿಸಿಕೊಳ್ಳಬಹುದು :) ಆದರೆ ಹಳೆ ಗಾಡಿಯ ಹುಚ್ಚಿರುವ ಗೆಳೆಯರು ಕೇಳುವ ಪ್ರಶ್ನೆಯೇ ಬೇರೆ. "ಇದನ್ನ ಯಾವ ವರ್ಷಕ್ಕ ವಾಪಸ್ ಒಯ್ಯಬೇಕಂತ ಮಾಡೀರಿ?" ಇದಕ್ಕೆ ಉತ್ತರ ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು ಕಾರಿನ ಕತೆಗಿಂತ ಹೆಚ್ಚಾಗಿ ನಮ್ಮ ಸೀಮೆಯ ಕತೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ... ಈ ಕಬ್ಬು-ತಂಬಾಕಿನ ನಾಡಿನ ಕತೆ. ಅದನ್ನು ಬರೆದಿಡೋಣ ಅನ್ನಿಸಿತು.

ನಮ್ಮದು 1965ರ ಅಂಬಾಸಿಡರ್ ಮಾರ್ಕ್ 2. ನಮ್ಮ ಕಾಕಾ 1971ರಲ್ಲಿ ನಿಪ್ಪಾಣಿಯ ತಂಬಾಕಿನ ವ್ಯಾಪಾರಿಯೊಬ್ಬರಿಂದ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹೊರಗಿನಿಂದ ನೋಡಿದರೆ ಅಪ್ಪಟ ಅರವತ್ತರ ದಶಕದ ಗಾಡಿ. ಬಾನೆಟ್ ಎತ್ತಿದರೆ ಮಾತ್ರ ಒಳಗೆ 1986ರಲ್ಲಿ ಕೂರಿಸಿದ ಡೀಸೆಲ್ ಎಂಜಿನ್ ಇದೆ. ಹುಟ್ಟಿನಿಂದ ಬಂದ ಪೆಟ್ರೋಲ್ ಎಂಜಿನ್ ತೋಟದ ಶೆಡ್ಡಿನಲ್ಲಿ ಗೋಣಿಚೀಲ ಹೊದ್ದುಕೊಂಡು ಕೂತಿದೆ. ಈಗ ಹೇಳಿ, ಇವೆರಡರಲ್ಲಿ ಈ ಕಾರಿನ ನಿಜವಾದ ಎಂಜಿನ್ ಯಾವುದು?

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಹಿಂದೂಸ್ತಾನ್ ಮೋಟರ್ಸ್ ಶುರುವಾಗಿದ್ದು 1942ರಲ್ಲಿ, ಗುಜರಾತಿನ ಓಖಾ ಬಂದರಿನಲ್ಲಿ. 1948ರಲ್ಲಿ ಕಾರ್ಖಾನೆ ಬಂಗಾಳದ ಉತ್ತರಪಾರಾಕ್ಕೆ ಹೋಯಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನ ಅಚ್ಚುಗಳನ್ನು ತಂದು 1957ರ ಹೊತ್ತಿಗೆ ಅಂಬಾಸಿಡರ್ ಅಂತ ಹೆಸರಿಟ್ಟರು. ಅದಕ್ಕೂ ಮೊದಲು, 1953-54ರಲ್ಲಿ, ಇಲ್ಲೇ ಪೂರ್ತಿಯಾಗಿ ತಯಾರಿಸುವ ಯೋಜನೆ ಇಲ್ಲದ ಕಂಪನಿಗಳಿಗೆ ಬರೀ ಬಿಡಿಭಾಗ ತಂದು ಜೋಡಿಸುವ ಅವಕಾಶ ಇನ್ನಿಲ್ಲ ಎಂದು ಸರ್ಕಾರ ತೀರ್ಮಾನಿಸಿತು. ಜನರಲ್ ಮೋಟರ್ಸ್, ಫೋರ್ಡ್ ಎರಡೂ ಗಂಟುಮೂಟೆ ಕಟ್ಟಿದವು. ಅಲ್ಲಿಂದ ಮುಂದೆ ನಮ್ಮ ಜನಕ್ಕೆ ಉಳಿದಿದ್ದು ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್, ಅಷ್ಟೇ. ಹೊಸ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಹಾಗಾಗಿ ಇದ್ದ ಕಾರನ್ನು ಯಾರೂ ಬಿಸಾಡುತ್ತಿರಲಿಲ್ಲ, ಬದುಕಿಸಿಕೊಳ್ಳುತ್ತಿದ್ದರು. ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿದ್ದು 2014ರ ಮೇ ತಿಂಗಳಲ್ಲಿ.

ಕಾರಿನ ಚರಿತ್ರೆ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಅರಮನೆಯ ಕಾರುಗಳು. ನಮ್ಮ ಸೀಮೆಗೂ ಅದರ ನಂಟಿದೆ. ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಗಿದ್ದು 1949ರ ಮಾರ್ಚ್ 1ರಂದು. ಕೊಲ್ಹಾಪುರದ ರಾಜಮನೆತನದ ಮೇಬ್ಯಾಕ್ ಕಾರಿನ ಬಗ್ಗೆ ಹಳೆ ಕಾರಿನ ಪ್ರಿಯರೆಲ್ಲ ಕೇಳಿರುತ್ತಾರೆ. ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ಹಳೆ ಕಾರುಗಳ ಸಂಗ್ರಹ ನೋಡಿರುತ್ತೀರಿ. ಅವು ಚೆಂದ, ಅವಕ್ಕೆ ಚರಿತ್ರೆ ಬರೆಯುವವರೂ ಇದ್ದಾರೆ. ಆದರೆ ತಂಬಾಕಿನ ಸ್ಯಾಂಪಲ್ಲು, ಗೊಬ್ಬರದ ಚೀಲ, ಬಾಣಂತಿ, ಮದುವೆಯ ಗಂಡು ಎಲ್ಲವನ್ನೂ ಹೊತ್ತು ಎರೆಮಣ್ಣಿನ ದಾರಿಯಲ್ಲಿ ಓಡಿದ ಕಾರುಗಳ ಚರಿತ್ರೆಯನ್ನು ಯಾರು ಬರೆದರು?

ಅದನ್ನು ಬರೆದಿಟ್ಟಿದ್ದು ಆರ್‌ಸಿ ಬುಕ್ಕು. ನಮ್ಮ ಕಾರಿನದು ಮಾಸಿದ, ಮಡಿಕೆಯಲ್ಲಿ ಹರಿದ ಪುಸ್ತಕ. ಅದನ್ನು ಶಾಸನ ಓದುವ ಹಾಗೆ ಓದಬೇಕು. ಮೊದಲ ನೋಂದಣಿ ಮೈಸೂರು ರಾಜ್ಯದ ಕಾಲದ್ದು. 1956ರ ನವೆಂಬರ್ 1ಕ್ಕೆ ಚಂದಗಡ ತಾಲೂಕು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರಿಗೆ ಬಂದಿತ್ತಲ್ಲ. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. ಈಗ ಚಿಕ್ಕೋಡಿಯ ಹೊಸ ಗಾಡಿಗಳಿಗೆ ಕೆಎ-23. ಪುಸ್ತಕದ ಮೇಲಿನ ರಾಜ್ಯ ಬದಲಾದರೂ ಬಿಡಿಭಾಗದ ದಾರಿ ಮಾತ್ರ ಬದಲಾಗಲಿಲ್ಲ. ನಿಪ್ಪಾಣಿಯಿಂದ ಕೊಲ್ಹಾಪುರ ಸುಮಾರು 40 ಕಿಲೋಮೀಟರ್. ಕಾಗವಾಡದಿಂದ ಮಿರಜ ಅದಕ್ಕಿಂತಲೂ ಹತ್ತಿರ. ಬೆಂಗಳೂರು ಐನೂರು ಕಿಲೋಮೀಟರಿಗೂ ದೂರ. ಪಿಸ್ಟನ್ ಹೋದರೆ ಯಾವ ಕಡೆ ಬಸ್ಸು ಹತ್ತುತ್ತಿದ್ದರು ಅಂತ ನಾನು ಹೇಳಬೇಕಿಲ್ಲ.

ಅದೇ ಪುಸ್ತಕದಲ್ಲಿ "ಇಂಧನ" ಅನ್ನುವ ಜಾಗದಲ್ಲಿ ಪೆಟ್ರೋಲ್ ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದು ಡೀಸೆಲ್ ಅಂತ ಬರೆದಿದೆ. ಪಕ್ಕದಲ್ಲಿ ಹೊಸ ಎಂಜಿನ್ ನಂಬರು, ಒಂದು ಸಹಿ, ಒಂದು ಸೀಲು, 1986. ನನ್ನ ಪ್ರಶ್ನೆಯೆಲ್ಲ ಹುಟ್ಟಿದ್ದು ಈ ಒಂದು ಸಾಲಿನಿಂದ. ಯಾಕೆ ಹೀಗೆ ಮಾಡಿದರು?

ಮೊದಲ ಕಾರಣ ಎಲ್ಲರಿಗೂ ಗೊತ್ತಿರೋದೇ. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ದುಬಾರಿಯಾಯಿತು, ಡೀಸೆಲ್ಲನ್ನು ಸರ್ಕಾರ ಬಹಳ ವರ್ಷ ಅಗ್ಗವಾಗಿಯೇ ಇಟ್ಟಿತು. 1980ರ ಸುಮಾರಿಗೆ ಹಿಂದೂಸ್ತಾನ್ ಮೋಟರ್ಸ್ ತಾನೇ ಡೀಸೆಲ್ ಅಂಬಾಸಿಡರ್ ತಂದಿತು. ಆ ಎಂಜಿನ್ನೂ 1489 ಸಿಸಿ, ಪೆಟ್ರೋಲ್ ಎಂಜಿನ್ನಿನ ಮನೆತನದ್ದೇ. ಹಾಗಾಗಿ ಹಳೆ ಗಾಡಿಗೆ ಕೂರಿಸಲು ಮನಸ್ಸು ಬರುವುದು ಸಹಜ.

ಆದರೆ ನಮ್ಮ ಸೀಮೆಯಲ್ಲಿ ಇನ್ನೊಂದು ಕಾರಣ ಇತ್ತು. ಇಲ್ಲಿನ ಕೈಗಳಿಗೆ ಡೀಸೆಲ್ ಮೊದಲೇ ಪಳಗಿತ್ತು. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯಲ್ಲಿ ಕರೆಂಟು ಬರುವ ಮೊದಲು ಕಬ್ಬಿಗೆ ನೀರೆತ್ತಿದ್ದು ಡೀಸೆಲ್ ಪಂಪು. ಇದರ ಬೇರು ಇನ್ನೂ ಆಳಕ್ಕೆ ಹೋಗುತ್ತದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ ನಮ್ಮದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಔಂಧ ಸಂಸ್ಥಾನದ ಕುಂಡಲ ರೋಡ್ ಸ್ಟೇಷನ್ ಹತ್ತಿರ ಕಿರ್ಲೋಸ್ಕರವಾಡಿ ಕಟ್ಟಿದರು. 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಶುರುವಾಯಿತು. ಕೊಲ್ಹಾಪುರದ ಉದ್ಯಮನಗರದಲ್ಲಿ ಫೌಂಡ್ರಿ, ಲೇಥುಗಳ ಸಾಲೇ ಎದ್ದಿತು. 1939ರಲ್ಲಿ ಉಗಾರದ ಸಕ್ಕರೆ ಕಾರ್ಖಾನೆ, ಮುಂದೆ ಒಂದರ ಹಿಂದೊಂದು ಸಹಕಾರಿ ಕಾರ್ಖಾನೆಗಳು. ಇವೆಲ್ಲ ಸೇರಿ ನಮ್ಮ ಹಳ್ಳಿಯ ಹುಡುಗರನ್ನು ಶಾಲೆಯಿಲ್ಲದೆ ಮೆಕ್ಯಾನಿಕ್ ಮಾಡಿದವು. ಕಾರ್ಬುರೇಟರ್ ಟ್ಯೂನಿಂಗ್ ಬಲ್ಲವರು ಊರಿಗೊಬ್ಬರೋ ಇಬ್ಬರೋ. ನಾಝಲ್ ಬಿಚ್ಚಿ ಒರೆಸಿ ಹಾಕುವವರು ಪ್ರತಿ ತೋಟದಲ್ಲೂ ಇದ್ದರು. ಜೊತೆಗೆ ಪಂಪಿನ ಸಲುವಾಗಿ ಮನೆಯಲ್ಲೇ ಡೀಸೆಲ್ ಬ್ಯಾರೆಲ್ ಇರುತ್ತಿತ್ತು. ಕಾರಿಗೆ ಬೇರೆ ಎಣ್ಣೆ ಯಾಕೆ?

ನಮ್ಮ ಕಾರಿಗೆ ಡೀಸೆಲ್ ಕೂರಿಸಿದ ಮಿಸ್ತ್ರಿ ಇನ್ನೂ ಇದ್ದಾರೆ, ನಿಪ್ಪಾಣಿಯಲ್ಲಿ. ಕಣ್ಣು ಮಂಜು, ಕೈ ಚುರುಕು. ಹೇಗೆ ಕೂರಿಸಿದಿರಿ ದಾದಾ ಅಂತ ಕೇಳಿದೆ.

"ಡೀಸೆಲ್ ಎಂಜಿನ್ ವಜ್ಜಿ ಭಾಳ ತಮ್ಮಾ. ಕೂರಿಸಿದ ಕೂಡ್ಲೆ ಮುಂದಿನ ಮೂತಿ ನೆಲಕ್ಕ ಬಗ್ಗಿತು. ಟಾರ್ಷನ್ ಬಾರ್ ಬಿಚ್ಚಿ ಮತ್ತ ಏರಿಸಿ ಹಾಕಿದ್ನಿ. ಹೀಟರ್ ಪ್ಲಗ್ಗಿಗೆ ದೊಡ್ಡ ಬ್ಯಾಟರಿ ಬೇಕಾತು, ಅದರ ಟ್ರೇ ಕೊಲ್ಹಾಪುರದಾಗ ಕಡಿಸಿದ್ನಿ. ರಿಟರ್ನ್ ಪೈಪಿಗೆ ಟಾಕಿಗೆ ತೂತು. ಎಲ್ಲಾ ಹೊಂದಸಾಕ ಹನ್ನೊಂದ ದಿನ ಹಿಡೀತು."

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಈಗ ಅದನ್ನ ತಗೀತೀರೇನು?"

ನನಗೆ ತಕ್ಷಣ ಉತ್ತರ ಬರಲಿಲ್ಲ. ಯಾಕೆಂದರೆ ಗೆಳೆಯರ ಸಲಹೆ ಎರಡು ಭಾಗವಾಗಿತ್ತು. ಬೆಂಗಳೂರಿನ ಗೆಳೆಯರದು ಒಂದೇ ಮಾತು: ಪೆಟ್ರೋಲ್ ಎಂಜಿನ್ ಕೈಯಲ್ಲೇ ಇದೆ, ನಂಬರೂ ಆರ್‌ಸಿಯ ಮೊದಲ ಪುಟಕ್ಕೆ ಹೊಂದುತ್ತದೆ, ಇಂಥ ಅದೃಷ್ಟ ಎಷ್ಟು ಜನಕ್ಕಿದೆ? ವಾಪಸ್ ಕೂರಿಸಿ. ಅವರ ವಾದಕ್ಕೆ ಕಾನೂನಿನ ಬಲವೂ ಇದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹಾಗಿದ್ದರೆ 20,000 ರೂಪಾಯಿ ಕಟ್ಟಿ ಹತ್ತು ವರ್ಷಕ್ಕೆ ನೋಂದಣಿ, "ವಿಎ" ಅಕ್ಷರದ ನಂಬರು. ರ‍್ಯಾಲಿಗೆ, ಪ್ರದರ್ಶನಕ್ಕೆ ಒಯ್ಯಬಹುದು, ದಿನಬಳಕೆಗೆ ಓಡಿಸುವಂತಿಲ್ಲ. ಡೀಸೆಲ್ ಇಟ್ಟುಕೊಂಡರೆ ಆ ನಂಬರು ನಮಗೆ ಸಿಗೋದಿಲ್ಲ.

ಸಾಂಗಲಿಯ ಗೆಳೆಯರೊಬ್ಬರದು ಉಲ್ಟಾ ವಾದ. "ಪೆಟ್ರೋಲಿನ ಮ್ಯಾಲೆ ಈ ಕಾರು ಓಡಿದ್ದು 21 ವರ್ಷ. ಡೀಸೆಲ್ ಮ್ಯಾಲೆ ಅದಕ್ಕಿಂತ ಹೆಚ್ಚು. ಯಾವುದು ಖರೇ?"

ಈ ಜಗಳ ಕಾರಿನವರದಷ್ಟೇ ಅಲ್ಲ, ಗುಡಿ-ಕೋಟೆ ಉಳಿಸುವವರು ಇದನ್ನು ಯಾವತ್ತೋ ಆಡಿ ಮುಗಿಸಿದ್ದಾರೆ. 1964ರ ವೆನಿಸ್ ಚಾರ್ಟರ್, ಸ್ಮಾರಕವೊಂದಕ್ಕೆ ಬೇರೆ ಬೇರೆ ಕಾಲದವರು ಸೇರಿಸಿದ್ದನ್ನೂ ಗೌರವಿಸಬೇಕು, ಎಲ್ಲವನ್ನೂ ಒಂದೇ ಶೈಲಿಗೆ ತರುವುದು ಜೀರ್ಣೋದ್ಧಾರದ ಗುರಿಯಲ್ಲ ಎನ್ನುತ್ತದೆ. ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ ಅದನ್ನೇ ಮಾದರಿಯಾಗಿಟ್ಟುಕೊಂಡು ಟ್ಯೂರಿನ್ ಚಾರ್ಟರ್ ಮಾಡಿಕೊಂಡಿದೆ. ನಮ್ಮ ನಿಯಮದಲ್ಲಿ ಮಾತ್ರ "ಮೂಲ" ಅಂದರೆ ಕಾರ್ಖಾನೆಯಿಂದ ಹೊರಬಿದ್ದ ದಿನ. ಅದರ ನಂತರ ನಮ್ಮ ಮಿಸ್ತ್ರಿಗಳು ಮಾಡಿದ್ದೆಲ್ಲ ಬರೀ "ಬದಲಾವಣೆ". ದುರುಪಯೋಗ ತಡೆಯಲು ನಿಯಮ ಬಿಗಿಯಾಗಿರಬೇಕು, ಒಪ್ಪೋಣ. ಆದರೆ ಆ ಗೆರೆಯ ಹೊರಗೆ ನಮ್ಮ ಸೀಮೆಯ ಹೆಚ್ಚೂಕಡಿಮೆ ಇಡೀ ಚರಿತ್ರೆ ಉಳಿದುಬಿಡುತ್ತದೆ.

ಕೊನೆಗೆ ನಾನು ಡೀಸೆಲ್ಲನ್ನೇ ಉಳಿಸಿಕೊಂಡೆ. ವಿಎ ನಂಬರು ಬೇಡ, ಹಳೆ ನೋಂದಣಿಯನ್ನೇ ಕಾಲಕಾಲಕ್ಕೆ ನವೀಕರಿಸಿದರೆ ಸಾಕು. ಒಂದು ನಿಯಮ ಹಾಕಿಕೊಂಡೆ: ಮುಂದೆ ಬರುವವರು ಬಿಚ್ಚಿ ಹಿಂದಕ್ಕೆ ಒಯ್ಯಲಾಗದಂಥ ಯಾವ ಕೆಲಸವನ್ನೂ ಮಾಡೋದಿಲ್ಲ. ಪೆಟ್ರೋಲ್ ಎಂಜಿನ್ ಬಿಚ್ಚಿಸಿ, ತೊಳೆಸಿ, ಸಿಲಿಂಡರಿಗೆ ಎಣ್ಣೆ ಬಿಟ್ಟು, ಎಸ್‌ಯು ಕಾರ್ಬುರೇಟರ್ ಸಮೇತ ಸ್ಟ್ಯಾಂಡಿನ ಮೇಲೆ ಇಟ್ಟಿದ್ದೇನೆ. ಯಾವತ್ತಾದರೂ ಯಾರಿಗಾದರೂ 1965 ಬೇಕಾದರೆ ದಾರಿ ತೆರೆದೇ ಇದೆ.

ಉಳಿದ ಕೆಲಸದಲ್ಲಿ ಎರಡೂ ಕಡೆಯವರು ಕೈಜೋಡಿಸಿದರು. ಅಂಬಾಸಿಡರ್‌ಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಎಲುಬು. ಬಾಗಿಲ ಕೆಳಗಿನ ಪಟ್ಟಿಯಲ್ಲಿ ಎರೆಮಣ್ಣು ಕೂತು, ನೀರು ಹಿಡಿದು, ಪತ್ರಾ ಬಿಸ್ಕೀಟಿನಂತಾಗಿತ್ತು. ಎರಡೂ ಬದಿ ಒಟ್ಟಿಗೆ ಕತ್ತರಿಸಬೇಡಿ, ಮೊದಲು ಬಾಗಿಲಿನ ಸಂದಿಗೆ ಅಡ್ಡ ರಾಡು ವೆಲ್ಡ್ ಮಾಡಿ, ಇಲ್ಲದಿದ್ದರೆ ಬಾಗಿಲು ಮತ್ತೆ ಕೂರೋದಿಲ್ಲ ಅಂತ ಬೆಂಗಳೂರಿನವರು ಎಚ್ಚರಿಸಿದರು. ನಟ್ಟುಗಳೆಲ್ಲ ಇಂಚಿನ ಲೆಕ್ಕದವು, ಮಿಲಿಮೀಟರ್ ಪಾನಾ ಹಾಕಿದರೆ ಮೂಲೆ ಸವೆಯುತ್ತವೆ ಅಂದವರು ನಮ್ಮ ದಾದಾ. ಮೂಲ ಬಣ್ಣ ಎಲ್ಲಿ ಸಿಗುತ್ತದೆ ಗೊತ್ತೇ? ಡ್ಯಾಶ್‌ಬೋರ್ಡಿನ ಹಿಂದೆ, ಬಿಸಿಲು ಬೀಳದ ಜಾಗದಲ್ಲಿ. ಅಲ್ಲಿ ತಿಳಿ ಬೂದಿಬಣ್ಣ ಸಿಕ್ಕಿತು. ಪುಟ್ಟಿ ಮೆತ್ತುವ ಬದಲು ಹೊಸ ಪತ್ರಾ ಹಾಕಿ ಅದೇ ಬಣ್ಣ ಬಳಿಸಿದೆವು. ಅಂದರೆ ಈಗ ಹೊರಗೆ 1965, ಒಳಗೆ 1986. ಇದಕ್ಕೆ ಎಡಬಿಡಂಗಿ ಅಂತ ನಗುವವರು ನಗಲಿ, ನಮ್ಮ ತಾಲೂಕುಗಳ ಚರಿತ್ರೆಯೂ ಹೀಗೇ ಇದೆಯಲ್ಲ!

ದಾದಾ ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ: ಯಾವ ಬ್ರ್ಯಾಕೆಟ್ ಎಲ್ಲಿ ಕಡಿಸಿದ್ದು, ಟಾರ್ಷನ್ ಬಾರ್ ಎಷ್ಟು ಹಲ್ಲು ತಿರುಗಿಸಿದ್ದು. ಅದು ಆರ್‌ಸಿ ಬುಕ್ಕಿನ ಜೊತೆಗೇ ಕಾರಿನಲ್ಲಿ ಇರುತ್ತದೆ. ಕಾರ್ಖಾನೆಯ ಮ್ಯಾನುಯಲ್ ಹುಡುಕಿದರೆ ಇವತ್ತಿಗೂ ಸಿಗುತ್ತದೆ. ಈ ಮಿಸ್ತ್ರಿಗಳ ತಲೆಯಲ್ಲಿರುವ ಮ್ಯಾನುಯಲ್ಲಿಗೆ ಎರಡನೇ ಪ್ರತಿ ಇಲ್ಲ, ಅವರಿಗೆಲ್ಲ ಎಂಬತ್ತರ ಹತ್ತಿರ ವಯಸ್ಸಾಗಿದೆ.

ನಿಮ್ಮ ಊರಲ್ಲೂ ಬೇವಿನ ಮರದ ಕೆಳಗೆ ಇಂಥ ಗಾಡಿಯೊಂದು ನಿಂತಿರಬಹುದು. ಅದು ಜೀಪೋ, ಫಿಯೆಟ್ಟೋ, ಮೆಟಡೋರೋ, ಯಾವುದಾದರೂ ಸರಿ. ಪಾನಾ ಹಿಡಿಯುವ ಮೊದಲು ಅದರ ಆರ್‌ಸಿ ಬುಕ್ಕು ಓದಿ. ಆಮೇಲೆ ಅದನ್ನು ಮುಟ್ಟಿದ ಮಿಸ್ತ್ರಿ ಇನ್ನೂ ಇದ್ದರೆ, ಒಂದು ಕಪ್ ಚಹಾ ತರಿಸಿ ಅವರ ಮುಂದೆ ಕೂತುಕೊಳ್ಳಿ.